ಮುನ್ನೂರ ತೊಂಬತ್ತು ವರದಿಗಳು

ಒಂದೇ ದಿನ, ಒಂದೇ ಹೊತ್ತಿಗೆ, ಊರಿನ ಎರಡು ತುದಿಯಲ್ಲಿ ಎರಡು ಫುಟ್‌ಬಾಲ್ ಪಂದ್ಯಗಳು ನಡೆದರೆ ಯಾರ ಗಂಟೂ ಹೋಗುವುದಿಲ್ಲ. ಸಂಕಟಕ್ಕೆ ಸಿಕ್ಕಿಕೊಂಡವನು ಒಬ್ಬನೇ. ಅವನು ಒಂದು ಸಣ್ಣ ಪತ್ರಿಕೆಯ ಕ್ರೀಡಾಪುಟದ ಉಪಸಂಪಾದಕ. ಎರಡು ಪದಗಳ ನಡುವೆ ಜಾಗ ಕಂಡಲ್ಲೆಲ್ಲ ಒಂದು ಕಾಮಾ ಇಡುವ ಚಟ ಇದ್ದದ್ದರಿಂದ ಕಚೇರಿಯಲ್ಲಿ ಅವನಿಗೆ ಕಾಮಾ ಎಂದೇ ಹೆಸರು ಬಿದ್ದಿತ್ತು.

ಸಂಜೆ ನಾಲ್ಕೂವರೆಗೆ ಅಂಚೆಯವರಿಗೂ ರೈಲ್ವೆಯವರಿಗೂ ಫೈನಲ್. ಮೈದಾನದಿಂದ ಫೋನಿನಲ್ಲಿ ಸ್ಕೋರು ಬಂದ ಕೂಡಲೇ ವರದಿ ಬರೆದು ಪುಟ ತುಂಬಿಸಬೇಕಾದವನು ನಮ್ಮ ಕಾಮಾ. ಅದೇ ನಾಲ್ಕೂವರೆಗೆ ಇನ್ನೊಂದು ಮೈದಾನದಲ್ಲಿ ಹೆಂಗಸರ ಫೈನಲ್. ಶಾಲೆಯ ಟೀಚರುಗಳ ತಂಡಕ್ಕೂ ಆಸ್ಪತ್ರೆಯ ನರ್ಸುಗಳ ತಂಡಕ್ಕೂ. ನರ್ಸುಗಳ ಗೋಲ್‌ಕೀಪರ್ ಕಾಮಾನ ಹೆಂಡತಿ. ಹಿಂದಿನ ಮೂರು ಪಂದ್ಯಗಳಿಗೂ ಬರುತ್ತೇನೆಂದು ಹೇಳಿ ಮೂರಕ್ಕೂ ಅವನು ಕೈಕೊಟ್ಟಿದ್ದ.

“ಈ ಸಲ ಬರ್ತೀರಾ?” ಬೆಳಿಗ್ಗೆ ಅವಳು ಕೈಗವಸುಗಳನ್ನು ಚೀಲಕ್ಕೆ ತುರುಕುತ್ತಾ ಕೇಳಿದಳು.

“ಬರ್ತೀನಿ ಕಣೇ. ಆಣೆ ಮಾಡಿ ಹೇಳ್ತೀನಿ.”

“ಬರದಿದ್ರೂ ಪರವಾಗಿಲ್ಲ ಬಿಡಿ. ಇನ್ಮೇಲೆ ನಾನು ಕರೆಯೋದೇ ಇಲ್ಲ.”

ಅವಳು ಕೂಗಾಡಿದ್ದರೆ ಅವನಿಗೆ ಒಂದಿಷ್ಟು ಧೈರ್ಯವಾದರೂ ಇರುತ್ತಿತ್ತು. ಅವಳು ಚೀಲದ ಜಿಪ್ಪು ಎಳೆದು, ಚಪ್ಪಲಿ ಮೆಟ್ಟಿ, ಬಾಗಿಲನ್ನು ಮೆಲ್ಲಗೆ ಹಾಕಿಕೊಂಡು ಹೋದಳು. ಆ ಮೆಲ್ಲಗೆ ಹಾಕಿದ್ದೇ ಅವನ ಎದೆಗೆ ಬಡಿಯಿತು.

ಕಚೇರಿಗೆ ಬಂದವನೇ ಸಂಪಾದಕರ ಮುಂದೆ ಹೋಗಿ ನಿಂತು ವಿಷಯ ಹೇಳಿದ. ಅವರು ಕನ್ನಡಕ ಒರೆಸಿಕೊಳ್ಳುತ್ತಾ, “ಏಳು ಗಂಟೆಗೆ ವರದಿ ಪುಟದಲ್ಲಿರಬೇಕು. ನೀನು ಎಲ್ಲಿರ್ತೀಯ ಅನ್ನೋದು ನನಗೆ ಬೇಡ” ಎಂದು ಮತ್ತೆ ತಮ್ಮ ಕಾಗದಗಳಲ್ಲಿ ಮುಳುಗಿದರು. ಬೇರೆ ಯಾರಾದರೂ ಆಗಿದ್ದರೆ ಇದನ್ನು ‘ಆಗುವುದಿಲ್ಲ’ ಎಂದು ತಿಳಿದು ಸುಮ್ಮನಾಗುತ್ತಿದ್ದರು. ಕಾಮಾನಿಗೆ ಅದರಲ್ಲೊಂದು ಕಿಂಡಿ ಕಾಣಿಸಿತು.

ಅವನು ಮೂರು ತಿಂಗಳಿಂದ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವುದನ್ನು ತನ್ನಷ್ಟಕ್ಕೆ ಕಲಿಯುತ್ತಿದ್ದ. ಆ ವಿದ್ಯೆಯಿಂದ ಇಲ್ಲಿಯವರೆಗೆ ಆಗಿದ್ದೆಂದರೆ ಹದಿಮೂರರ ಮಗ್ಗಿ. ಈಗ ಹೊಳೆಯಿತು ನೋಡಿ: ಫುಟ್‌ಬಾಲಿನಲ್ಲಿ ಒಂದು ತಂಡ ಎಷ್ಟು ಗೋಲು ಹೊಡೆದೀತು? ಹೆಚ್ಚೆಂದರೆ ಒಂಬತ್ತು. ಆಗಬಹುದಾದ ಸ್ಕೋರುಗಳನ್ನೆಲ್ಲ ಕಂಪ್ಯೂಟರಿನಿಂದಲೇ ಹುಟ್ಟಿಸಿ, ಒಂದೊಂದಕ್ಕೂ ವರದಿ ಮೊದಲೇ ಬರೆಸಿಟ್ಟರೆ? ಯಾವ ಸ್ಕೋರು ಬರುತ್ತದೋ ಆ ವರದಿಯನ್ನು ಎತ್ತಿ ಪುಟಕ್ಕೆ ಹಾಕಿದರಾಯಿತು!

ಹನ್ನೊಂದು ಗಂಟೆಗೆ ಪ್ರೋಗ್ರಾಂ ಓಡಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಎಂಬತ್ತೊಂದು ವರದಿ ಬಂದು ಬಿದ್ದವು.

ಪಕ್ಕದ ಮೇಜಿನಲ್ಲಿ ಪುಟ ಜೋಡಿಸುವವನು ಕೂರುತ್ತಿದ್ದ. ಬೇರೆಯವರ ಪರದೆಯಲ್ಲಿ ಏನಿದೆ ಎಂದು ನೋಡದಿದ್ದರೆ ಅವನಿಗೆ ಕಾಫಿ ಇಳಿಯುತ್ತಿರಲಿಲ್ಲ. “ಸಾರ್, ಇದರಲ್ಲಿ ಸೊನ್ನೆ ಎಲ್ಲಿ? ಒಂದರಿಂದ ಶುರು ಮಾಡಿದ್ದೀರಲ್ಲ, ಗೋಲೇ ಹೊಡೀದಿದ್ರೆ ಏನು ಗತಿ?”

ಕಾಮಾ ಹಣೆ ಚಚ್ಚಿಕೊಂಡು ಸೊನ್ನೆಯನ್ನು ಸೇರಿಸಿದ. ನೂರಾಯಿತು.

“ಸಾರ್, ಇಲ್ಲಿ ನೋಡಿ. ‘ಅಂಚೆ ತಂಡ ಮೂರು-ಮೂರು ಗೋಲುಗಳಿಂದ ರೈಲ್ವೆ ತಂಡವನ್ನು ಮಣ್ಣುಮುಕ್ಕಿಸಿತು’ ಅಂತಿದೆ.”

“ಅದು ಸಮ ಅಂತ ಮಾಡ್ತೀನಿ ಇರಪ್ಪ.”

“ಸಮ ಅಂತ ಹೇಗೆ ಬಿಡ್ತೀರಾ? ಇದು ಫೈನಲ್ಲು. ಸಮ ಆದ್ರೆ ಪೆನಾಲ್ಟಿ ಒದೀತಾರೆ. ಅದರ ಲೆಕ್ಕ ಬೇರೆ ಬೇಕು.”

ಅವನ ಬಾಯಿಗೆ ಬೀಗ ಹಾಕಬೇಕೆನಿಸಿದರೂ ಅವನು ಹೇಳಿದ್ದು ಸರಿಯಾಗಿತ್ತು. ಪೆನಾಲ್ಟಿಯ ಲೆಕ್ಕವೂ ಸೇರಿ ವರದಿಗಳು ಮುನ್ನೂರ ತೊಂಬತ್ತಕ್ಕೆ ಏರಿದವು. ಒಂದನ್ನು ಕಾಗದದಲ್ಲಿ ನೋಡೋಣವೆಂದು ಕಾಮಾ ಪ್ರಿಂಟ್ ಒತ್ತಿದ. ಒಂದು ಎಂದು ಹೇಳಲು ಮರೆತಿದ್ದ. ಪ್ರಿಂಟರ್ ಇದ್ದದ್ದು ಸಂಪಾದಕರ ಕೋಣೆಯ ಮೂಲೆಯಲ್ಲಿ.

ಸ್ವಲ್ಪ ಹೊತ್ತಿಗೆ ಸಂಪಾದಕರು ಕೈಯಲ್ಲೊಂದು ಹಾಳೆ ಹಿಡಿದು ಹೊರಗೆ ಬಂದರು. ಹಿಂದೆ ಪ್ರಿಂಟರ್ ಇನ್ನೂ ಬಿಡದೆ ಉಗುಳುತ್ತಲೇ ಇತ್ತು.

“ರೈಲ್ವೆಯವರು ಏಳು-ಎರಡರಿಂದ ಗೆದ್ದರಂತೆ. ಈಗಿನ್ನೂ ಹನ್ನೆರಡೂವರೆ. ಎಲ್ಲಿ ನೋಡಿಕೊಂಡು ಬಂದೆಯಪ್ಪಾ?”

ಕಾಮಾ ಬೆವರುತ್ತಾ ಎಲ್ಲವನ್ನೂ ಒಪ್ಪಿಕೊಂಡ. ಸಂಪಾದಕರು ಹಾಳೆಯನ್ನು ಕೊನೆಯವರೆಗೂ ಓದಿದರು. ಈಗ ಕೆಲಸಕ್ಕೇ ಸಂಚಕಾರ ಬಂತು ಎಂದುಕೊಂಡ ಇವನು.

“ಸಪ್ಪೆ” ಎಂದರು ಅವರು.

“ಸಾರ್?”

“ಏಳು ಗೋಲು ಬಿಟ್ಟಿದ್ದಾರೆ, ನೀನು ‘ಉತ್ತಮ ಪೈಪೋಟಿ ನೀಡಿದರು’ ಅಂತ ಬರ್ದಿದ್ದೀಯ. ಮೂರಕ್ಕಿಂತ ಜಾಸ್ತಿ ಅಂತರ ಆದ್ರೆ ಸ್ವಲ್ಪ ಖಾರ ಬೇಕಯ್ಯ. ಅದನ್ನ ಸರಿ ಮಾಡಿ ಹೊರಡು. ಮೇಲೆ ನಿನ್ನ ಹೆಸರೇ ಹಾಕಿಸ್ತೀನಿ. ಹೆಚ್ಚುಕಮ್ಮಿ ಆದ್ರೆ ನಿನ್ನ ತಲೆಗೇ ಬರಲಿ.”

ಎಂಟು ವರ್ಷದ ನೌಕರಿಯಲ್ಲಿ ವರದಿಯ ಮೇಲೆ ಅವನ ಹೆಸರು ಬಿದ್ದಿರಲಿಲ್ಲ. ಹಿಗ್ಗಿಗೆ ಊಟವೂ ಮರೆತುಹೋಯಿತು. ಅಂತರ ನಾಲ್ಕೋ ಅದಕ್ಕಿಂತ ಹೆಚ್ಚೋ ಆದರೆ ತಾನಾಗಿ ಸೇರಿಕೊಳ್ಳುವಂತೆ ಒಂದು ಖಾರದ ಪ್ಯಾರಾವನ್ನು ಮನಸ್ಸಿಟ್ಟು ಬರೆದ. ಬರೆಯುತ್ತಾ ತನಗೇ ನಗು ಬಂತು.

“ಸ್ಕೋರು ಬಂದ ತಕ್ಷಣ ಆ ಫೈಲು ತೆಗಿ, ಪುಟದಲ್ಲಿ ಕೂರಿಸು. ವೆಬ್‌ಸೈಟಿಗೂ ಹಾಕು. ಏನೇ ಆಗ್ಲಿ, ನನಗೆ ಮಾತ್ರ ಫೋನ್ ಮಾಡ್ಬೇಡ” ಎಂದು ಪುಟ ಜೋಡಿಸುವವನಿಗೆ ಹೇಳಿ, ಫೋನ್ ಆಫ್ ಮಾಡಿ, ನಾಲ್ಕಕ್ಕೆಲ್ಲ ಬಸ್ಸು ಹತ್ತಿದ.

ಮೈದಾನದ ಅಂಚಿನಲ್ಲಿ ಅವನನ್ನು ಕಂಡಾಗ ಹೆಂಡತಿ ಒಂದು ಗಳಿಗೆ ನಂಬಲಿಲ್ಲ. ಆಮೇಲೆ ಕೈಗವಸಿನ ಕೈಯನ್ನು ಮೇಲೆತ್ತಿದಳು. ಕಾಮಾ ಎರಡೂ ಕೈಯೆತ್ತಿ ಬೀಸಿದ.

ಟೀಚರುಗಳು ಜೋರಾಗಿದ್ದರು. ನರ್ಸುಗಳು ರಾತ್ರಿಪಾಳಿ ಮುಗಿಸಿ ಬಂದವರು. ಚೆಂಡು ಹೆಂಡತಿಯ ಕಡೆಗೆ ಬಂದದ್ದೇ ಬಂದದ್ದು. ಅವಳು ಹಾರಿದಳು, ಬಿದ್ದಳು, ಮೊಣಕಾಲು ತರಚಿಕೊಂಡಳು. ಒಂದು ಪೆನಾಲ್ಟಿಯನ್ನಂತೂ ನೆಲಕ್ಕೆ ಮಲಗಿ ಬೆರಳತುದಿಯಲ್ಲಿ ತಡೆದಳು. ಕಾಮಾ ಕೂಗಿ ಕೂಗಿ ಗಂಟಲು ಹರಿದುಕೊಂಡ. ಆದರೂ ನಾಲ್ಕು-ಸೊನ್ನೆ ಆಯಿತು.

ಪಂದ್ಯ ಮುಗಿದ ಮೇಲೆ ಅವಳು ಮೈಯೆಲ್ಲ ಮಣ್ಣಾಗಿ ಬಂದು ಅವನ ಪಕ್ಕ ಕೂತಳು.

“ಸೋತೆ ಕಣ್ರೀ.”

“ಯಾರು ಹೇಳಿದ್ದು? ಬೇರೆಯವರು ನಿಂತಿದ್ರೆ ಹತ್ತಾಗ್ತಿತ್ತು. ಆ ಪೆನಾಲ್ಟಿ ಹಿಡಿದ್ಯಲ್ಲ, ಅಬ್ಬಾ! ನನ್ನ ಹೆಂಡತಿ ಅಂತ ಪಕ್ಕದವರಿಗೆಲ್ಲ ಹೇಳ್ದೆ.”

ಅವಳು ನಕ್ಕಳು. “ನೀವು ಬಂದ್ರಲ್ಲ, ಸಾಕು ಬಿಡಿ.” ಮದುವೆಯಾದ ಮೇಲೆ ಇಷ್ಟು ಹಗುರವಾದ ಸಂಜೆ ಅವನಿಗೆ ಸಿಕ್ಕಿರಲಿಲ್ಲ. ಅವಳು ಗೆಳತಿಯರ ಹತ್ತಿರ ಹೋದಾಗ, ಕಚೇರಿಯಲ್ಲಿ ಎಲ್ಲ ಸರಿಹೋಯಿತೇ ಎಂದು ಫೋನ್ ಆನ್ ಮಾಡಿದ. ಆ ಕೂಡಲೇ ಅದು ಬಡಿದುಕೊಂಡಿತು.

“ಸಾರ್, ಮರ್ಯಾದೆ ಉಳಿಸಿದ್ದೀನಿ!” ಪುಟ ಜೋಡಿಸುವವನ ದನಿ ಸಂಭ್ರಮದಲ್ಲಿ ಉಬ್ಬಿತ್ತು. “ಅಂಚೆ-ರೈಲ್ವೆ ಪಂದ್ಯ ನಡೀಲೇ ಇಲ್ಲ. ಮೈದಾನದ ನೀರಿನ ಪೈಪು ಒಡೆದು ಎಲ್ಲಾ ಕೆಸರಂತೆ. ಅರ್ಧ ಪುಟ ಖಾಲಿ! ಸಂಪಾದಕರು ಕೋಪದಲ್ಲಿ ಕುಣೀತಿದ್ರು. ಅಷ್ಟೊತ್ತಿಗೆ ಹೆಂಗಸರ ಫೈನಲ್‌ ಸ್ಕೋರು ಬಂತು ನೋಡಿ, ನಾಲ್ಕು-ಸೊನ್ನೆ. ನಿಮ್ಮ ಹತ್ರ ನಾಲ್ಕು-ಸೊನ್ನೆ ರೆಡಿ ಇತ್ತಲ್ಲ! ಅಂಚೆ ಇದ್ದಲ್ಲಿ ಟೀಚರು ಹಾಕ್ದೆ, ರೈಲ್ವೆ ಇದ್ದಲ್ಲಿ ನರ್ಸು ಹಾಕ್ದೆ. ಮೇಲೆ ದಪ್ಪ ಅಕ್ಷರದಲ್ಲಿ ನಿಮ್ಮ ಹೆಸರು. ವೆಬ್‌ಸೈಟಲ್ಲಿ ಆಗ್ಲೇ ಬಂದಿದೆ.”

ಕಾಮಾ ತಿರುಗಿ ನೋಡಿದ. ನರ್ಸುಗಳೆಲ್ಲ ಒಂದು ಫೋನಿನ ಸುತ್ತ ತಲೆ ಸೇರಿಸಿದ್ದರು. ಅವರಲ್ಲೊಬ್ಬಳು ಗಟ್ಟಿಯಾಗಿ ಓದುತ್ತಿದ್ದಳು:

“‘ಈ ಸೋಲಿಗೆ, ಬೇರೆ ಕಾರಣ, ಹುಡುಕಬೇಕಾಗಿಲ್ಲ. ನರ್ಸುಗಳ ಗೋಲ್‌ಕೀಪರ್, ಬಸ್ಸಿಗೆ ಕಾಯುವವರಂತೆ ನಿಂತಿದ್ದರು. ಚೆಂಡುಗಳು ಬಂದವು, ಹೋದವು, ಅವರು ಹತ್ತಲಿಲ್ಲ. ಅಲ್ಲೊಂದು ಕುರ್ಚಿ ಇಟ್ಟಿದ್ದರೆ, ಒಂದೆರಡು ಗೋಲಾದರೂ, ತಪ್ಪುತ್ತಿದ್ದವು.’”

ಹೆಂಡತಿ ಫೋನನ್ನು ಕೈಗೆ ತೆಗೆದುಕೊಂಡು ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ಓದಿದಳು. ಹೆಸರನ್ನೂ ಓದಿದಳು. ಆಮೇಲೆ ನಿಧಾನವಾಗಿ ಅವನ ಮುಂದೆ ಬಂದು ನಿಂತಳು. ಅವಳ ಹಿಂದೆ ಹತ್ತು ಜನ ನರ್ಸುಗಳೂ ಬಂದು ನಿಂತರು.

“ಇದು ನೀವು ಬರೆದಿದ್ದಾ?”

“ಅಯ್ಯೋ, ನಿನ್ನ ಆಟ ನೋಡಿ ಬರೆದಿದ್ದಲ್ಲ ಕಣೇ! ಮಧ್ಯಾಹ್ನಾನೇ ಬರೆದಿಟ್ಟಿದ್ದೆ!”

ಅವಳು ಒಂದು ಕೈಗವಸು ಕಳಚಿದಳು. ಇನ್ನೊಂದನ್ನೂ ಕಳಚಿದಳು.

“ಅಂದ್ರೆ, ನಾನು ನಾಲ್ಕು ಗೋಲು ಬಿಡ್ತೀನಿ ಅಂತ ನಿಮಗೆ ಮಧ್ಯಾಹ್ನಾನೇ ಗೊತ್ತಿತ್ತು.”

“ಛೆ ಛೆ, ಹಾಗಲ್ಲ ಕಣೇ!” ಕಾಮಾ ಅವಸರವಾಗಿ ಹೇಳಿದ. “ಒಂಬತ್ತು ಬಿಟ್ಟಿದ್ರೂ ಇದೇ ರೆಡಿ ಇತ್ತು!”