ಚಟ್ನಿಪುಡಿಯ ಡಬ್ಬಿ ಮತ್ತು ವೆನೆಜುವೆಲಾದ ರೊಟ್ಟಿ

ಊಟದ ವಿಷಯದಲ್ಲಿ ನಾನು ಹಟಮಾರಿ. ಇದನ್ನು ನಾಚಿಕೊಂಡು ಹೇಳುತ್ತಿಲ್ಲ, ಎದೆ ಸೆಟೆಸಿಯೇ ಹೇಳುತ್ತಿದ್ದೇನೆ. ಲಂಡನ್ನಿಗೆ ಬಂದ ಮೇಲೆ ಇಲ್ಲಿನ ಹವೆಗೆ ತಲೆಬಾಗಿದ್ದೇನೆ, ಟ್ಯೂಬ್ ರೈಲಿನಲ್ಲಿ ಯಾರ ಮುಖವನ್ನೂ ನೋಡದೆ ಕೂರುವುದನ್ನು ಕಲಿತಿದ್ದೇನೆ, ಕೌನ್ಸಿಲ್‌ನವರು ಹೇಳಿದ ಬಣ್ಣದ ತೊಟ್ಟಿಗೇ ಕಸ ಹಾಕುತ್ತೇನೆ. ಆದರೆ ನಾಲಿಗೆಯನ್ನು ಮಾತ್ರ ಯಾರಿಗೂ ಒಪ್ಪಿಸಿಲ್ಲ. ಹೊರಗೆ ಉಣ್ಣುವ ಪ್ರಸಂಗ ಬಂದರೆ ಕೋಟಿನ ಒಳಗಿಸೆಯಲ್ಲಿ ಧಾರವಾಡದ ಶೇಂಗಾ ಚಟ್ನಿಪುಡಿಯ ಪುಟ್ಟ ಸ್ಟೀಲ್ ಡಬ್ಬಿ ಇರಲೇಬೇಕು. ಪಿಜ್ಜಾ, ಪಾಸ್ತಾ, ಆಫೀಸಿನ ಕ್ರಿಸ್ಮಸ್ ಊಟದ ಬೇಯಿಸಿದ ಆಲೂಗಡ್ಡೆ, ಎಲ್ಲಕ್ಕೂ ಅದರಿಂದಲೇ ಉದ್ಧಾರ. ಆ ಪುಡಿಯಿಲ್ಲದೆ ಒಂದೇ ಒಂದು ಊಟ ಮುಗಿಸಿ ತೋರಿಸಿ ಎಂದು ಹೆಂಡತಿ ಸುಮಿತ್ರಾ ಎಷ್ಟೋ ಸಲ ಸವಾಲು ಹಾಕಿದ್ದಾಳೆ. ಯಾಕೆ ತೋರಿಸಬೇಕು ಎಂಬುದು ನನ್ನ ಉತ್ತರ.

ಹೀಗಿರುವಾಗ ಕಾಲೇಜಿಗೆ ಹೋಗುತ್ತಿದ್ದ ಮಗಳು ಅನು ಒಂದು ಶನಿವಾರ ನಮ್ಮನ್ನು ಕಿಂಗ್ಸ್‌ಬರಿಯ ಮನೆಯಿಂದ ಹೊರಡಿಸಿ, ಬೀದಿಗಳ ನಕ್ಷೆಪುಸ್ತಕ ಹಿಡಿದು, ಕಿಲ್ಬರ್ನಿನ ಒಂದು ಸಂದಿಗೆ ಕರೆದೊಯ್ದಳು. ಅಲ್ಲೊಂದು ವೆನೆಜುವೆಲಾದವರ ಹೋಟೆಲು. ಗಲ್ಲೆಯಲ್ಲಿ ಗಂಡ, ಒಲೆಯ ಮುಂದೆ ಹೆಂಡತಿ, ಅಷ್ಟೇ ಸಂಸಾರ. ವೆನೆಜುವೆಲಾ ಎಂದರೆ ಪೆಟ್ರೋಲು ಎಂದಷ್ಟೇ ನನಗೆ ಗೊತ್ತಿತ್ತು. ನಾವು ಮಾಂಸ ತಿನ್ನುವುದಿಲ್ಲವೆಂದು ಅನು ವಿವರಿಸುತ್ತಿದ್ದಾಗ ಒಳಗಿನಿಂದ ತಟ್ ತಟ್ ಎಂಬ ಸದ್ದು ಕೇಳಿಸಿ ನನ್ನ ಕಿವಿ ನಿಮಿರಿತು. ಒಲೆಯ ಮುಂದಿನಾಕೆ ಅಂಗೈಯಲ್ಲಿ ಹಿಟ್ಟು ತಟ್ಟುತ್ತಿದ್ದಳು! ಬಂದದ್ದು ಅರೇಪಾ. ಮೆಕ್ಕೆಜೋಳದ ದಪ್ಪ ರೊಟ್ಟಿಯ ಹೊಟ್ಟೆ ಸೀಳಿ, ಕರಿಕಾಳಿನ ಪಲ್ಯವನ್ನೂ ತುರಿದ ಚೀಸನ್ನೂ ತುಂಬಿದ್ದರು. ರೊಟ್ಟಿಯೆಂದರೆ ಬಿಳಿಜೋಳದ್ದು, ತೆಳ್ಳಗಿನದು. ಇದೆಂಥ ರೊಟ್ಟಿ ಎಂದು ಮೂಗು ಮುರಿದು ಕಿಸೆಗೆ ಕೈ ಹಾಕಿದೆ.

"ಅಪ್ಪಾ, ಪ್ಲೀಸ್, ನಾಟ್ ಹಿಯರ್," ಎಂದಳು ಅನು.

ಕೇಳುವ ಜಾಯಮಾನ ನನ್ನದಲ್ಲ. ಮುಚ್ಚಳ ತೆಗೆಯುವಷ್ಟರಲ್ಲಿ ಹೋಟೆಲಿನಾಕೆ ಕೈ ಒರೆಸುತ್ತ ಬಂದು ಇದೇನೆಂದು ಕೇಳಿದಳು. ಹೇಳಿದೆ. ಆಕೆ ಮುಚ್ಚಳ ಹಾಕಿ, ಡಬ್ಬಿಯನ್ನು ಎತ್ತಿಕೊಂಡು ಹೋಗಿ ತನ್ನ ದೇವರ ಪಟದ ಪಕ್ಕ ಇಟ್ಟುಬಿಟ್ಟಳು. ಮೊದಲು ನಾನು ಮಾಡಿದ್ದು, ಆಮೇಲೆ ನಿನ್ನದು ಎಂದು ಹರುಕುಮುರುಕು ಇಂಗ್ಲಿಷಿನಲ್ಲಿ ಹೇಳಿ, ಸೊಂಟಕ್ಕೆ ಕೈಯಿಟ್ಟು ನಿಂತಳು. ಗಿರಾಕಿಯ ಹಕ್ಕುಗಳ ಬಗ್ಗೆ ನಾನು ಗಟ್ಟಿಯಾಗಿಯೇ ಮಾತೆತ್ತಿದೆ. ಆಕೆ ಕದಲಲಿಲ್ಲ. ಹಸಿವಾಗಿತ್ತು, ತಿಂದೆ.

ಮೇಲೆ ಗರಿಗರಿ, ಒಳಗೆ ಮೆತ್ತಗೆ, ಹಬೆಯಾಡುವ ಬಿಸಿ. ಹಿಟ್ಟು ಮುಗಿಯುತ್ತ ಬಂದಾಗ ಅವ್ವ ಕೊನೆಗೆ ನನಗೆಂದೇ ತಟ್ಟಿಕೊಡುತ್ತಿದ್ದ ಪುಟ್ಟ ದಪ್ಪ ರೊಟ್ಟಿ ನೆನಪಾಯಿತು. ಹೇಗಿದೆ ಎಂದು ಆಕೆ ಕೇಳಿದಾಗ ಪರವಾಗಿಲ್ಲ ಎಂದೆ. ಇನ್ನೊಂದು ತರಿಸಿದ್ದು ಬರೀ ಪರೀಕ್ಷೆಗೆ.

ಡಬ್ಬಿ ಅಲ್ಲೇ ಉಳಿಯಿತು. ಮುಂದಿನ ಶನಿವಾರ, ಅವ್ವ ಕೊಟ್ಟ ಡಬ್ಬಿ, ಕಂಡವರ ಮನೆಯಲ್ಲಿ ಬಿಡಲಾದೀತೇ ಎಂದು ಗುಡುಗಿ ಹೊರಟೆ. ಹೋದ ಮೇಲೆ ತಿನ್ನದೆ ಬಂದರೆ ಚೆನ್ನಾಗಿರುವುದಿಲ್ಲ. ತಿಂದೆವು. ಡಬ್ಬಿ ಮತ್ತೆ ಮರೆತುಹೋಯಿತು. ಅದರ ಮುಂದಿನ ಶನಿವಾರ, ಈ ಸಲ ಬಿಡುವುದಿಲ್ಲ, ತಂದೇ ತರುತ್ತೇನೆ ಎಂದು ನಾನು ಕೋಟು ಏರಿಸುತ್ತಿದ್ದಾಗ, ಸುಮಿತ್ರಾ ಆಗಲೇ ಬೂಟು ಹಾಕಿಕೊಂಡು ಬಾಗಿಲಲ್ಲಿದ್ದಳು.

"ಡಬ್ಬಿ ಹೋದ ವಾರನ ನನ್ನ ಬ್ಯಾಗಿನ್ಯಾಗ ಹಾಕ್ಕೊಂಡು ಬಂದೇನ್ರಿ," ಎಂದಳು. "ಹೊತ್ತಾಗತೈತಿ, ನಡೀರಿ."

ನಾನು ಸೋತೆನೆಂದು ಯಾರೂ ತಿಳಿಯಬಾರದು. ಆ ಡಬ್ಬಿಯನ್ನು ಅವಳಿಂದ ಕೇಳಿ ಪಡೆದು, ಮೊದಲಿನಂತೆಯೇ ಒಳಗಿಸೆಗೆ ಹಾಕಿಕೊಂಡೆ. ಅಲ್ಲಿ ಮರೆತು ಬರಲು ಏನಾದರೂ ಬೇಕಲ್ಲ.