ಉಸ್ತಾದರ ಹೆಸರು, ನನ್ನ ಕೆಂಪು ವೈರು

ಬೈಕಿನ ವೈರಿಂಗ್ ಕೆಲಸ ಅಂದಮ್ಯಾಲ ವಾರಕ್ಕೊಂದು ಫಜೀತಿ ಇದ್ದದ್ದ. ನನ್ನ ಫಜೀತಿ ಮಾತ್ರ ಎಲ್ಲಾ ನಾನ ಕೈಯಾರೆ ಮಾಡಿಕೊಂಡಂಥವು. ಕೌಲ್ ಬಜಾರ್‌ನಾಗ ನಂದೊಂದು ಸಣ್ಣ ಅಂಗಡಿ. ನನಗ ಕೆಲಸ ಕಲಿಸಿದ ಉಸ್ತಾದರ ಹೆಸರು ಕೇಳಿಕೊಂಡ ಗಿರಾಕಿ ಬರ್ತಿದ್ರು. ಅವರು ಹೇಳಿಕೊಟ್ಟದ್ದು ಒಂದ ಮಾತು: "ಯಾವ ಬಣ್ಣದ ವೈರು ಸುಟ್ಟಿರ್ತೈತೋ ಅದ ಬಣ್ಣದ್ದು ಹಾಕು ಬೇಟಾ. ನಾಳೆ ಬಿಚ್ಚಾವಂಗ ತಿಳೀಬೇಕು."

ನಾನು ಬ್ರೂಸ್‌ಪೇಟ್ಯಾಗ ಅಗ್ಗಕ್ಕ ಸಿಕ್ತು ಅಂತ ಕೆಂಪು ವೈರಿನ ದೊಡ್ಡ ಸುರುಳಿ ಹೊತ್ತುಕೊಂಡು ಬಂದೆ. ಅವತ್ತಿನಿಂದ ಹಾರ್ನಿಗೂ ಕೆಂಪು, ಬ್ರೇಕಿಗೂ ಕೆಂಪು, ಲೈಟಿಗೂ ಕೆಂಪು. ಭಾಳ ಶ್ಯಾಣ್ಯಾ ಅದೀನಿ ಅಂದ್ಕೊಂಡಿದ್ದೆ.

ಸಿರುಗುಪ್ಪದ ಹಾರ್ನು

ಸಿರುಗುಪ್ಪದ ಭತ್ತದ ದಲ್ಲಾಳಿ ಒಬ್ಬರ ಗಾಡಿ ರಿಪೇರಿಗೆ ಬಂದಿತ್ತು. ಎಲ್ಲಾ ಕೆಂಪು ಇದ್ದದ್ದಕ್ಕ ಬ್ರೇಕ್ ಲೈಟಿನ ವೈರು ಒಯ್ದು ಹಾರ್ನಿಗೆ ಕೂಡಿಸಿಬಿಟ್ಟೆ. ನೋಡದ ಕೊಟ್ಟು ಕಳಿಸಿದೆ. ಮರುದಿನ ಸಿಟ್ಟಿಲೆ ಬಂದ್ರು. ಬೀಗರ ಮಣ್ಣಿಗೆ ಹೋಗಿದ್ರಂತ. ಇಳುಕಲು ಓಣಿ, ಎದುರಿಗೆ ಹೆಣ ಹೊತ್ತುಕೊಂಡು ಬರಾಕತ್ತಾರ. ಇವರು ಮರ್ಯಾದಿಯಿಂದ ಬ್ರೇಕ್ ಒತ್ಯಾರ, ಹಾರ್ನು ಬಡಕೊಳ್ಳಾಕತ್ತೈತಿ.

"ಎಲ್ಲಾರೂ ಹಾರ್ನ್ ಬಿಡ್ರಿ ಅಂತ ಬೈದ್ರು. ಬ್ರೇಕ್ ಹಿಡಿದ್ರ ಹಾರ್ನು, ಬಿಟ್ರ ಹೆಣದ ಮ್ಯಾಲ ಹೋಗ್ತೀನಿ. ನಾ ಏನು ಮಾಡ್ಬೇಕಿತ್ತು ಹೇಳು" ಅಂದ್ರು.

ಕುರುಗೋಡಿನ ನಿಂಬಿಹಣ್ಣು

ಕುರುಗೋಡಿನ ಮೇಷ್ಟ್ರ ಗಾಡ್ಯಾಗ ಹೆಚ್ಚಾದ ವೈರು ಕತ್ತರಿಸದ ಹ್ಯಾಂಡಲ್ ಹತ್ರ ಹಂಗ ಜೋತುಬಿಟ್ಟಿದ್ದೆ. ಆಯುಧ ಪೂಜಿ ದಿನ ಅವರ ತಾಯಿ ಅದನ್ನ ಕೆಂಪು ದಾರ ಅಂದ್ಕೊಂಡು, ನಿಂಬಿಹಣ್ಣು ಮೆಣಸಿನಕಾಯಿ ಸೇರಿಸಿ ಹ್ಯಾಂಡಲ್ಲಿಗೆ ಬಿಗಿದು ಕಟ್ಟಿಬಿಟ್ಟಾರ. ವೈರಿನ ಬತ್ತಲೆ ತುದಿ ಹ್ಯಾಂಡಲ್ಲಿನ ಕಬ್ಬಿಣಕ್ಕ ತಾಗಿ, ಕೀ ತಿರುವಿದ್ರ ಸಾಕು, ಫ್ಯೂಸ್ ಹಾರಿ ಹೋಗ್ತೈತಿ. ನಾನು ಹೋಗಿ ನೋಡಿ, "ಅಮ್ಮಾರ, ಈ ನಿಂಬಿಹಣ್ಣು ಬಿಚ್ಚಬೇಕ್ರಿ" ಅಂದೆ.

ಅವರು ಮಗನ ಕಡೆ ತಿರುಗಿ, "ನಿಂಬಿಹಣ್ಣು ಅಲ್ಲೇ ಇರ್ಲಿ, ಮೇಸ್ತ್ರೀನ ಬದಲಿ ಮಾಡು" ಅಂದ್ರು.

ಉಸ್ತಾದರ ಗಾಡಿ

ಉಸ್ತಾದರಿಗೆ ಹತ್ರದ ಸಣ್ಣ ಕೆಲಸ ಮಂಜಾಗಿ ಕಾಣಾಕತ್ತಿತ್ತು, ಅದಕ್ಕ ಅಂಗಡಿ ಮುಚ್ಚಿದ್ರು. ತಮ್ಮ ಗಾಡಿ ಹೆಡ್‌ಲೈಟ್ ಕೆಲಸ ನನಗ ಕೊಟ್ರು. ಅದಕ್ಕ ಬೇಕಾದ ಹಳದಿ, ನೀಲಿ ವೈರು ಎದುರಿನ ಅಂಗಡ್ಯಾಗ ಸಿಗ್ತಿತ್ತು. ಎದ್ದು ಹೋಗಾಕ ನನಗ ಬ್ಯಾಸರ. ಅವರಿಗೆಲ್ಲಿ ಕಾಣ್ತೈತಿ ಅಂದ್ಕೊಂಡು ಅವರಿಗೂ ಎಲ್ಲಾ ಕೆಂಪು ಹಾಕಿದೆ.

ತಿಂಗಳಾದ ಮ್ಯಾಲ ನಮ್ಮ ಮೆಕ್ಯಾನಿಕ್‌ಗಳ ಮೊಬೈಲ್ ಗ್ರೂಪಿನಾಗ ಒಂದು ಫೋಟೋ ಬಂತು. ಹೆಡ್‌ಲೈಟ್ ಒಳಗ ಬರೇ ಕೆಂಪು ವೈರು. ಕೆಳಗ "ದೊಡ್ಡ ಉಸ್ತಾದರ ಕೈಕೆಲಸ ನೋಡ್ರಿ" ಅಂತ ಬರದಿತ್ತು. ಎಲ್ಲಾರೂ ನಗಾಕತ್ತಿದ್ರು. ವೈರು ನಂದ ಅಂತ ನೋಡಿದ ಕೂಡ್ಲೆ ಗೊತ್ತಾತು. ಅವರ ಮನಿಗೆ ಓಡಿದೆ.

"ಹಲಕುಂದಿ ಹತ್ರ ಗಾಡಿ ಕೆಟ್ಟು ನಿಂತಿತ್ತು" ಅಂದ್ರು ಉಸ್ತಾದರು. "ಅಲ್ಲಿ ಮೆಕ್ಯಾನಿಕ್ ಬಿಚ್ಚಿ ನೋಡಿ, ಯಾರು ಮಾಡ್ಯಾರ ಇದನ್ನ ಅಂತ ಕೇಳಿದ. ನಾನ ಮಾಡೀನಿ ಅಂದೆ."

"ನನ್ನ ಹೆಸರು ಹೇಳ್ಬೇಕಿತ್ತಲ್ರಿ?"

"ಹೇಳಿದ್ರ, ಅವಗ ಕಲಿಸಿದವರು ಯಾರು ಅಂತ ಕೇಳ್ತಿದ್ದ. ಹೆಂಗೂ ಹೋಗೋದು ನನ್ನ ಮರ್ಯಾದಿನ."

ನಾನು ತಲಿ ತಗ್ಗಿಸಿ, ತಪ್ಪಾತ್ರಿ ಅಂದೆ. ಅವರು ಚಾದ ಕಪ್ಪು ನನ್ನ ಕಡೆ ಸರಿಸಿದ್ರು.

"ನನಗಾದ್ರ ಕಣ್ಣು ಕಾಣಂಗಿಲ್ಲ ಅಂತ ಒಂದು ನೆಪ ಐತಿ ಬೇಟಾ. ನಿನಗ ಏನೈತಿ?"