ಹಶುವಿನ ಸದ್ದು

ಇದನ್ನು ಬರೆಯಬೇಕೆಂದು ಕೂತು ಏಳುವುದರಲ್ಲೇ ಹನ್ನೊಂದು ವರ್ಷ ಕಳೆದೆ. ಒಮ್ಮೆ ಪೆನ್ನು ಬರೆಯುತ್ತಿರಲಿಲ್ಲ, ಇನ್ನೊಮ್ಮೆ ಕನ್ನಡಕ ಸಿಗುತ್ತಿರಲಿಲ್ಲ. ಇವತ್ತು ದುರದೃಷ್ಟಕ್ಕೆ ಎರಡೂ ಸಿಕ್ಕಿವೆ! ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ನನ್ನ ಹೆಂಡತಿಯ ಅಣ್ಣನಿಗೆ, ಅಂದರೆ ನಮ್ಮ ಭಾವನಿಗೆ, ಮನುಷ್ಯರ ಮಾತು ಕಿವಿಗೇ ಬೀಳುತ್ತಿರಲಿಲ್ಲ. ಇಂಜಿನ್ನುಗಳ ಮಾತು ಮಾತ್ರ ಬೀಳುತ್ತಿತ್ತು.

ಕೋಟೇಶ್ವರದ ಹತ್ತಿರ ನನ್ನ ಗ್ಯಾರೇಜು, ಕುಂದಾಪುರದಲ್ಲಿ ಭಾವನ ಲೇತ್ ಶಾಪು. ನಾನು ಬಿಚ್ಚಿ ಕಳಿಸಿದ ಸಿಲಿಂಡರ್ ಹೆಡ್ಡಿನ ಅಡಿಯನ್ನು ಅವರು ಹೆರೆದು ಮಟ್ಟ ಮಾಡಿ, ವಾಲ್ವ್ ಕೂರುವ ಜಾಗ ಸರಿಪಡಿಸಿ ಕೊಡುತ್ತಿದ್ದರು. ಅವರ ಬಾಯಲ್ಲಿ ಅದು ಹೆಡ್ ಅಲ್ಲ, ತಲೆ. ಒಮ್ಮೆ ಮನೆಗೆ ಫೋನ್ ಮಾಡಿ ತಂಗಿಗೆ, "ನಾಳೆ ನಿನ್ ಗಂಡನ್ ತಲೆ ಕಳ್ಸ್ ಮಾರಾಯ್ತಿ. ಚೂರ್ ಸೊಟ್ಟ ಇತ್ತಂಬ್ರ್, ಹೆರ್ದ್ ಸಮ ಮಾಡ್ತೆ" ಅಂದರು.

ಇವಳು ಬಿಡುತ್ತಾಳೆಯೇ? "ಅಣ್ಣಯ್ಯ, ಇಪ್ಪತ್ತ್ ವರ್ಷದಿಂದ ನಾನೇ ಹೆರೀತಾ ಇದ್ದೆ. ಸಮ ಆಯ್ಲಿಲ್ಲ!"

ಇಂಜಿನ್ನಿನ ಸದ್ದು ಪರೀಕ್ಷಿಸಲು ಭಾವನ ಬಳಿ ಇದ್ದ ಯಂತ್ರ ಯಾವುದು ಗೊತ್ತೇ? ಅಜ್ಜಿಯ ಕಾಲದ, ಒಲೆ ಊದುವ ಕಬ್ಬಿಣದ ಕೊಳವೆ! ಒಂದು ತುದಿ ಇಂಜಿನ್ನಿಗೆ, ಇನ್ನೊಂದು ಕಿವಿಗೆ. ಬಲಗಿವಿಯ ಸುತ್ತ ಸದಾ ಒಂದು ಕಪ್ಪು ಉಂಗುರ. ಮದುವೆಮನೆಗೆ ಹೋದರೆ ವಧೂವರರಿಗಿಂತ ಮೊದಲು ಜನರೇಟರನ್ನು ವಿಚಾರಿಸಿಕೊಳ್ಳುತ್ತಿದ್ದರು. ನನಗೊಮ್ಮೆ ಎದೆನೋವು ಬಂದಾಗಲೂ ಕೊಳವೆ ಹಚ್ಚಿದರು. "ವಾಲ್ವ್ ಸಮ ಇತ್ತ್. ಇದ್ ಹಲಸಿನಣ್ಣಿನ ಗ್ಯಾಸ್!" ಉಡುಪಿಯ ಡಾಕ್ಟರು ಎರಡು ದಿನ ಮಲಗಿಸಿಕೊಂಡು ಹೇಳಿದ್ದೂ ಅದನ್ನೇ.

ಇನ್ನು ಬೀಜಾಡಿಯ ಮೀನಿನ ಟೆಂಪೋ ವಿಷಯ. ಭಾವ ಹೆರೆದುಕೊಟ್ಟ ಹೆಡ್ಡನ್ನು ನಾನೇ ಕೂರಿಸಿದ್ದೆ. ಮರುದಿನದಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಟಿಕ್! ಗ್ಯಾರೇಜಿಗೆ ಬರುವಷ್ಟರಲ್ಲಿ ಗಪ್ ಚುಪ್. ಡಾಕ್ಟರ ಮನೆ ಮೆಟ್ಟಿಲೇರಿದಾಗ ಮಾಯವಾಗುವ ಹಲ್ಲುನೋವಿನ ಹಾಗೆ. ನಾಲ್ಕನೇ ದಿನ ಮಾಲೀಕರು ನಮ್ಮಿಬ್ಬರನ್ನೂ ಬೆಳಗಾಗುತ್ತಲೇ ಬೀಜಾಡಿಗೆ ಕರೆಸಿದರು.

ಭಾವ ಕೊಳವೆ ಹಚ್ಚಿ ಕಣ್ಣು ಮುಚ್ಚಿದರು. ಆಮೇಲೆ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, "ಹ್ವಾಯ್ ಭಾವ, ಇದ್ ತಲೆ ಶಬ್ದ ಅಲ್ಲ. ಹಶು ಶಬ್ದ" ಅಂದರು. ಅವರಿಗೆ ನಾನೂ ಭಾವನೇ; ಹಶು ಅಂದರೆ ನಮ್ಮ ಕಡೆ ಹಸಿವು. "ಇಂಜಿನ್ ತಣೂಕ್ ಮುಂಚೆ ಟ್ಯಾಪೆಟ್ ಹಿಡ್ದಿದ್ರಿ. ಅವತ್ತ್ ಮನ್ಯಂಗೆ ಬಂಗ್ಡಿ ಸಾರ್ ಅಲ್ದಾ?"

ಬಂಗುಡೆ ಮೀನಿನ ಸಾರೇ! ಟ್ಯಾಪೆಟ್ ಹಿಡಿಯುವುದೆಂದರೆ ವಾಲ್ವಿನ ತುದಿಗೆ ಬಿಡುವ ಸಂದನ್ನು ಅಳೆದು ಹೊಂದಿಸುವುದು; ಆ ಇಂಜಿನ್ನಿನಲ್ಲಿ ಅದನ್ನು ಪೂರ್ತಿ ತಣಿದ ಮೇಲೆ ಅಳೆಯಬೇಕು. ಬಿಸಿಯಿದ್ದಾಗ ಅಳೆದರೆ, ತಣಿದಾಗ ಸಂದು ಹೆಚ್ಚಾಗಿ ಟಿಕ್ ಟಿಕ್ ಅನ್ನುತ್ತದೆ, ಓಡಿ ಬಿಸಿಯಾದರೆ ಸುಮ್ಮನಾಗುತ್ತದೆ. ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಗ್ಯಾರೇಜಿನ ಹಿಂದೆಯೇ ಮನೆ, ಗಾಳಿಯೂ ಆ ಕಡೆಯಿಂದಲೇ ಬೀಸುತ್ತಿತ್ತು.

"ಎಂತ ಅಂಬ್ರ್ ಅವ್ರ್?" ಮಾಲೀಕರು ಕೇಳಿದರು.

ನನ್ನ ಬಾಯಿಯಿಂದ ಆ ಮಾತು ಹೇಗೆ ಬಂತೋ! "ಹೆರ್ದದ್ದ್ ಹೆಚ್ಚಾಯ್ತ್ ಕಾಣಿ. ವಾಲ್ವ್ ಹೋಯಿ ಪಿಸ್ಟನ್ನಿಗೆ ತಾಗ್ತಾ ಇತ್ತ್. ನಾನ್ ಟ್ಯಾಪೆಟ್ ಹಿಡ್ದದ್ದ್ ಪೂರ್ತಿ ತಣ್ದ್ ಮೇಲೇ."

ಭಾವ ನನ್ನನ್ನೊಮ್ಮೆ ನೋಡಿದರು. ಪಂಚೆಯ ತುದಿಯಿಂದ ಕಿವಿಯ ಮಸಿ ಒರೆಸಿಕೊಂಡು, ಕೊಳವೆ ಹಿಡಿದು ಬಸ್ಸಿಗೆ ನಡೆದರು. ತಂಗಿಯ ಗಂಡನನ್ನು ಊರವರ ಎದುರು ಸುಳ್ಳುಗಾರ ಅನ್ನುವುದು ಅವರಿಂದಾಗಲಿಲ್ಲ. ನಾನು ಕದ್ದು ಟ್ಯಾಪೆಟ್ ಸರಿ ಮಾಡಿ, "ಹೆಡ್ಡಿನಡಿ ದಪ್ಪ ಗ್ಯಾಸ್ಕೆಟ್ ಹಾಕಿ ಭಾವನ ತಪ್ಪ್ ಮುಚ್ಚಿದೆ" ಎಂದು ಶಹಬ್ಬಾಸ್‌ಗಿರಿಯನ್ನೂ ಪಡೆದೆ!

ಮೀನಿನ ಟೆಂಪೋ ಹೋದಲ್ಲೆಲ್ಲ ಆ ಮಾತೂ ಹೋಯಿತು. ಹಂಗಾರಕಟ್ಟೆಯ ಬೋಟಿನವರು ಕೂಡ ಹೆಡ್ಡುಗಳನ್ನು ಬೇರೆ ಕಡೆ ಕಳಿಸತೊಡಗಿದರು. ವರ್ಷ ತುಂಬುವುದರೊಳಗೆ ಲೇತ್ ನಿಂತಿತು. ಭಾವ ಶಿರೂರಿನ ಮಗಳ ಮನೆ ಸೇರಿದರು.

ತಪ್ಪೊಪ್ಪಿಕೊಳ್ಳಲೆಂದೇ ಶಿರೂರಿಗೆ ಮೂರು ಸಲ ಹೋದೆ. ಮೂರು ಸಲವೂ ನಾನು ಬಾಯಿ ತೆರೆಯುವ ಮೊದಲೇ ಎಲೆ ಹಾಕಿಸಿದರು. "ಹ್ವಾಯ್ ಭಾವ, ಮೊದ್ಲ್ ಉಂಡ್ಕಣಿ. ಮಾತೆಲ್ಲ ತಣ್ದ್ ಮೇಲೆ." ಬಡಿಸಿದ್ದು ಬಂಗುಡೆ ಸಾರು. ಮೂರು ಸಲವೂ ಹೊಟ್ಟೆ ತುಂಬ ಉಂಡೆ. ಮೂರು ಸಲವೂ ಹೇಳದೆ ಬಂದೆ.

ಈಗ ಅವರಿಗೆ ನಿಜವಾಗಿಯೇ ಕಿವಿ ಕೇಳುವುದಿಲ್ಲವಂತೆ. ಕಣ್ಣು ಚೆನ್ನಾಗಿದೆ, ಓದುತ್ತಾರಂತೆ. ಅದಕ್ಕೇ ಬರೆದೆ. ಬೀಜಾಡಿಯವರೇ, ಹಂಗಾರಕಟ್ಟೆಯವರೇ, ಆ ಹೆಡ್ಡನ್ನು ಕೂದಲೆಳೆಯಷ್ಟೂ ಹೆಚ್ಚು ಹೆರೆದಿರಲಿಲ್ಲ. ಹೆರೆದವರ ಹೆಸರು ನಾರಾಯಣ.